ಏಕಾದಶಿಯ ಮೂರು ಅಗುಳು

ಕೋವಿಡ್ ಮುಗಿದು ಜನ ಮಾಸ್ಕ್ ತೆಗೆದ ಮರುವರ್ಷ ನಡೆದದ್ದು ಇದು. ಹೆಬ್ಬಾಳದ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಇಎನ್‌ಟಿ, ಅಂದರೆ ಕಿವಿ, ಮೂಗು, ಗಂಟಲು ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಕೊಡಿಗೇಹಳ್ಳಿಗೆ ಅಂಟಿಕೊಂಡ ಹಳೇ ಬಡಾವಣೆಯಲ್ಲಿ ನಮ್ಮ ಮನೆ. ಮನೆಯಲ್ಲಿ ನಾನು ಮತ್ತು ಎಂಬತ್ತು ದಾಟಿದ ನನ್ನ ಅಮ್ಮ. ಅಮ್ಮನಿಗೆ ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ನನಗೂ ಬಾಯಿ ಸ್ವಲ್ಪ ಜಾಸ್ತಿಯೆಂದು ಜೂನಿಯರ್‌ಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಈ ಪ್ರಕರಣವನ್ನು ಬರೆಯಲು ರೋಗಿಯೇ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರುಗಳನ್ನು ಬದಲಿಸಿದ್ದೇನೆ.

ಮೊದಲು ಗಂಟಲಿನ ವಿಷಯ ಸ್ವಲ್ಪ ಹೇಳಬೇಕು. ಗಂಟಲೆಂದರೆ ಒಂದು ಕೊಳವೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಕೊಳವೆಯಲ್ಲ, ಕೂಡುರಸ್ತೆ. ಮೂಗಿನಿಂದ ಬಂದ ಗಾಳಿ ಮುಂದಿರುವ ಶ್ವಾಸನಾಳಕ್ಕೆ ಹೋಗಬೇಕು, ಬಾಯಿಂದ ಬಂದ ತುತ್ತು ಹಿಂದಿರುವ ಅನ್ನನಾಳಕ್ಕೆ. ಎರಡು ದಾರಿಯೂ ಒಂದನ್ನೊಂದು ಅಡ್ಡ ಹಾಯುತ್ತವೆ. "ಇದು ನಮ್ಮ ಹೆಬ್ಬಾಳ ಜಂಕ್ಷನ್ ಕಣ್ರಪ್ಪ, ಒಂದು ಸಿಗ್ನಲ್ ತಪ್ಪಿದ್ರೆ ಎಲ್ಲಾ ಕಡೆ ಜಾಮ್" ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ತುತ್ತು ನಾಲಿಗೆಯ ಬುಡ ದಾಟುವ ತನಕ ಮಾತ್ರ ನಮ್ಮ ಮಾತು ಕೇಳುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ತಾನಾಗಿಯೇ ನಡೆಯುತ್ತದೆ. ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ಅನ್ನನಾಳದ ಬಾಗಿಲಿನಲ್ಲಿರುವ ಕ್ರೈಕೋಫ್ಯಾರಿಂಜಿಯಸ್ ಎಂಬ ಸ್ನಾಯು ಸಡಿಲವಾಗಿ ತುತ್ತನ್ನು ಒಳಗೆ ಬಿಡುತ್ತದೆ.

ವಯಸ್ಸಾದ ಕೆಲವರಲ್ಲಿ ಈ ಬಾಗಿಲು ಬಿಗಿಯಾಗುತ್ತದೆ. ಆಗ ಪ್ರತಿ ತುತ್ತೂ ಒತ್ತಿ ಒತ್ತಿ, ಬಾಗಿಲಿಗಿಂತ ಸ್ವಲ್ಪ ಮೇಲೆ, ಗಂಟಲಿನ ಹಿಂಗೋಡೆ ದುರ್ಬಲವಾಗಿರುವ ಕಡೆ ಉಬ್ಬಿಕೊಂಡು ಅಂಗಿಯ ಜೇಬಿನಂಥ ಒಂದು ಚೀಲವಾಗುತ್ತದೆ. ಇದನ್ನು ಫ್ಯಾರಿಂಜಿಯಲ್ ಪೌಚ್ ಎನ್ನುತ್ತೇವೆ. ಉಂಡದ್ದರಲ್ಲಿ ಒಂದಿಷ್ಟು ಆ ಜೇಬಿಗೆ ಬಿದ್ದು ಗಂಟೆಗಟ್ಟಲೆ, ಕೆಲವೊಮ್ಮೆ ದಿನ ಕಳೆದರೂ ಅಲ್ಲೇ ಕೂತಿರುತ್ತದೆ. ಹೊಟ್ಟೆಯ ಆಮ್ಲ ಸೋಕದ ಕಾರಣ ಅನ್ನ ಅನ್ನವಾಗಿಯೇ ಉಳಿದಿರುತ್ತದೆ. ಬಗ್ಗಿದರೆ, ಕೆಮ್ಮಿದರೆ ಹಾಗೇ ಬಾಯಿಗೆ ಬರುತ್ತದೆ. ಬಾಯಿ ವಾಸನೆ ಹೊಡೆಯುತ್ತದೆ, ನುಂಗಿದಾಗ ಗುಳಗುಳ ಸದ್ದಾಗುತ್ತದೆ. ಅಪರೂಪದ ಕಾಯಿಲೆ. ಆದರೆ ಪರೀಕ್ಷಕರಿಗೆ ಬಹಳ ಪ್ರಿಯವಾದ ಪ್ರಶ್ನೆ. ಇದೇ ಪ್ರಶ್ನೆ ಕೇಳಿ ನಾನು ಎಷ್ಟು ಹುಡುಗರ ಬೆವರಿಳಿಸಿದ್ದೆನೋ, ಲೆಕ್ಕವಿಲ್ಲ.

ನಮ್ಮ ಬಡಾವಣೆಯಲ್ಲಿ ಪುಟ್ಟದೊಂದು ನರಸಿಂಹನ ಗುಡಿ ಇದೆ. ಬಡಾವಣೆಯಾದಾಗಿನಿಂದ ಅಲ್ಲಿನ ಅರ್ಚಕರು ಗುಂಡಾಚಾರ್ಯರು. ಗುಡಿಯ ಹಿಂದಿನ ಎರಡು ಕೋಣೆಗಳೇ ಅವರಿಗೂ ಹೆಂಡತಿ ಇಂದಿರಾಬಾಯಿಗೂ ಮನೆ. ಮಕ್ಕಳಿರಲಿಲ್ಲ. ತೆಳ್ಳಗಿನ ಮನುಷ್ಯ, ಕಂಚಿನ ಕಂಠ. ಅವರು ಮಂತ್ರ ಹೇಳಿದರೆ ರಸ್ತೆ ತುದಿಯ ತರಕಾರಿ ಗಾಡಿಯವರೆಗೂ ಕೇಳಿಸುತ್ತಿತ್ತು. ಕೋವಿಡ್ಡಿನ ಆ ಎರಡು ವರ್ಷದಲ್ಲಿ ಕಂಠ ಸಣ್ಣಗಾಗಿತ್ತು, ಅವರು ಇನ್ನೂ ತೆಳ್ಳಗಾಗಿದ್ದರು. ಮಾತಿಗೆ ಮುಂಚೆ ಕೆಮ್ಮು. ಪೂಜೆಯ ನಡುವೆ ಎದ್ದು ಹೋಗಿ ನಲ್ಲಿ ಹತ್ತಿರ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಎಲ್ಲರೂ ಮಾಸ್ಕ್ ಹಾಕಿದ್ದಷ್ಟು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಮಾಸ್ಕ್ ತೆಗೆದ ಮೇಲೆ ತೀರ್ಥಕ್ಕೆ ಕೈಯೊಡ್ಡುವವರು ಮುಖ ಹಿಂದಕ್ಕೆಳೆಯತೊಡಗಿದರು. ಶನಿವಾರ ಶನಿವಾರ ನಾನೂ ಹೋಗುತ್ತಿದ್ದೆ, ನಾನೂ ಮುಖ ಹಿಂದಕ್ಕೆಳೆಯುತ್ತಿದ್ದೆ. ಹಲ್ಲು ಹುಳುಕಾಗಿರಬೇಕು, ಡೆಂಟಿಸ್ಟ್ ಹತ್ತಿರ ಹೋಗಬಾರದೇ ಈ ಮನುಷ್ಯ ಎಂದುಕೊಂಡು ಕಾರು ಹತ್ತುತ್ತಿದ್ದೆ.

ಆ ಏಕಾದಶಿಯ ಬೆಳಿಗ್ಗೆ ಅಮ್ಮ ಗುಡಿಗೆ ಹೋಗಿದ್ದಳು. ಏಕಾದಶಿಯೆಂದರೆ ನಮ್ಮವರಿಗೆ ಇಡೀ ದಿನ ಉಪವಾಸ. ದೇವರಿಗೂ ಅನ್ನದ ನೈವೇದ್ಯವಿಲ್ಲ. ಗುಡಿಯ ಒಲೆಯನ್ನೇ ಹೊತ್ತಿಸುವುದಿಲ್ಲ. ಮಂಗಳಾರತಿಯ ಹೊತ್ತಿಗೆ ಆಚಾರ್ಯರಿಗೆ ಜೋರು ಕೆಮ್ಮು ಬಂತಂತೆ, ಶಲ್ಯ ಬಾಯಿಗೊತ್ತಿಕೊಂಡು ನಲ್ಲಿಯತ್ತ ಓಡಿದರಂತೆ. ಅವರು ನಿಂತಿದ್ದ ಜಾಗದಲ್ಲಿ, ಕಪ್ಪು ಕಲ್ಲಿನ ಮೇಲೆ, ಬೆಂದ ಅನ್ನದ ಮೂರು ಅಗುಳು ಬಿದ್ದಿದ್ದವು.

"ಕಣ್ಣಾರೆ ನೋಡ್ದೆ ಕಣೇ ಪದ್ಮಾ" ಎಂದಳು ಅಮ್ಮ. "ಏಕಾದಶಿ ದಿನ, ದೇವರ ಮುಂದೆ. ಒಳಗೆ ಹೋಗಿ ಒಂದು ತುತ್ತು ಹಾಕ್ಕೊಂಡು ಬಂದಿದಾರೆ."

"ಆಚಾರ್ರಿಗೂ ಹೊಟ್ಟೆ ಅನ್ನೋದು ಇದೆ ಕಣಮ್ಮ. ಪಾಪ, ಹಸಿವಾಗಿತ್ತೇನೋ" ಎಂದು ನಕ್ಕು ನಾನು ಆಸ್ಪತ್ರೆಗೆ ಹೊರಟೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಾಯಿ ವಾಸನೆ, ಕೆಮ್ಮು, ಸೊರಗಿದ ಮೈ, ಉಣ್ಣದ ದಿನ ಬಾಯಿಂದ ಬಿದ್ದ ಜೀರ್ಣವಾಗದ ಅನ್ನ. ಪಠ್ಯಪುಸ್ತಕದ ಪುಟವನ್ನೇ ನನ್ನಮ್ಮ ತಿಂಡಿಯ ಮೇಜಿನ ಮೇಲೆ ಬಿಚ್ಚಿಟ್ಟಿದ್ದಳು. ನಾನು ಜೋಕು ಮಾಡಿದೆ.

ಅಮ್ಮ ಪಕ್ಕದ ಮನೆಗೆ ಹೇಳಿದಳು, ಅವರು ಇನ್ನೊಂದು ಮನೆಗೆ. ಮಾತು ಗುಡಿಯ ಸಮಿತಿಯ ಅಧ್ಯಕ್ಷರಾದ ಅನಂತರಾಯರಿಗೆ ಮುಟ್ಟಿತು. ಆಚಾರ್ಯರನ್ನು ಯಾರೊಬ್ಬರೂ ನೇರವಾಗಿ ಕೇಳಲಿಲ್ಲ. ಅರ್ಚಕರನ್ನು ನಿಲ್ಲಿಸಿ "ನಿಮ್ಮ ಬಾಯಲ್ಲಿ ಎಂಜಲು ಹೇಗೆ ಬಂತು" ಎಂದು ಕೇಳುವುದಾದರೂ ಹೇಗೆ? ನಮ್ಮವರಿಗೆ ಹಿಂದೆ ಆಡುವುದು ಸುಲಭ, ಎದುರಿಗೆ ಕೇಳುವುದು ಅಪಚಾರ. "ನಿಮಗೆ ಆರೋಗ್ಯ ಸರಿಯಿಲ್ಲ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ" ಎಂದಷ್ಟೇ ಹೇಳಿ ಒಬ್ಬ ಬದಲಿ ಅರ್ಚಕರನ್ನು ಕರೆಸಿದರು. ಕೋಣೆ ಖಾಲಿ ಮಾಡಿ ಎಂದು ಯಾರೂ ಅನ್ನಲಿಲ್ಲ. ಅನ್ನುವ ದಿನ ದೂರವಿಲ್ಲವೆಂದು ಆಚಾರ್ಯರಿಗೂ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಇಂದಿರಾಬಾಯಿ ಗಂಡನನ್ನು ನನ್ನ ಹೊರರೋಗಿ ವಿಭಾಗಕ್ಕೆ ಕರೆತಂದರು. ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿತ್ತು, ಅದೂ ಎರಡನೆಯ ಸಲ. ಶ್ವಾಸಕೋಶದ ವೈದ್ಯರು ಯಾವುದಕ್ಕೂ ಒಮ್ಮೆ ಗಂಟಲು ತೋರಿಸಿ ಎಂದು ಕಳಿಸಿದ್ದರು. ನನ್ನನ್ನು ಕಂಡು ಆಚಾರ್ಯರು ಬಾಗಿಲಲ್ಲೇ ನಿಂತರು. ನಾನು ಯಾರ ಮಗಳೆಂದು ಅವರಿಗೆ ಗೊತ್ತಿತ್ತಲ್ಲ.

"ಊಟ ಸರಿಯಾಗಿ ಇಳಿಯುತ್ತಾ, ಆಚಾರ್ರೇ?"

"ಇಳಿಯುತ್ತೆ."

ಇಂದಿರಾಬಾಯಿ ಗೋಡೆ ನೋಡಿದರು. ನಾನು ಮತ್ತೆ ಕೇಳಿದೆ. "ಉಂಡಿದ್ದು ಎಷ್ಟೋ ಹೊತ್ತಿನ ಮೇಲೆ ಹಾಗೇ ಬಾಯಿಗೆ ಬರುತ್ತಾ?"

ಅವರು ತಲೆ ತಗ್ಗಿಸಿದರು. "ಹೇಳೀಂದ್ರೆ" ಎಂದರು ಹೆಂಡತಿ. "ಇನ್ನೂ ಏನು ಉಳಿದಿದೆ ಅಂತ ಮುಚ್ಚಿಡೋದು?"

ನಾನು ಅವರ ಕತ್ತಿನ ಎಡಭಾಗದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಗುಳಗುಳ ಎಂದು ಸದ್ದಾಯಿತು. ಮರುಕ್ಷಣ ಅವರ ಬಾಯಿ ತುಂಬಿತು. ಬೇಸಿನ್ ಎಲ್ಲೆಂದು ಕೈಸನ್ನೆಯಲ್ಲೇ ಕೇಳಿದರು. ತೋರಿಸಿದರೂ ಉಗುಳಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ನಾನು ಬೆನ್ನು ತಿರುಗಿಸಿದ ಮೇಲೆ ನಲ್ಲಿಯ ಸದ್ದು ಕೇಳಿಸಿತು. ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು, ಸಾಕೆನಿಸುವಷ್ಟು ಹೊತ್ತು ಮುಕ್ಕಳಿಸುತ್ತಲೇ ಇದ್ದರು. ಆ ಬೆನ್ನು ತಿರುಗಿಸಿ ನಿಂತ ಹೊತ್ತಿನಲ್ಲಿ ನನಗೆ ಮೂರು ಅಗುಳಿನ ಅರ್ಥವಾಯಿತು. ಮುಖ ಬಿಸಿಯಾಯಿತು. ನಾಚಿಕೆಯಾದಾಗ ನನಗೆ ಯಾವಾಗಲೂ ಮೊದಲು ಕಿವಿ ಬಿಸಿಯಾಗುತ್ತದೆ, ಅಂದು ಮುಖವೆಲ್ಲ.

"ಎರಡು ವರ್ಷದಿಂದ ಹೀಗೇ ತಾಯಿ" ಎಂದರು ಅವರು, ಬಾಯೊರೆಸಿಕೊಂಡು. "ಗರ್ಭಗುಡಿಯೊಳಗೆ ನಿಂತಾಗಲೂ."

ಬೇರಿಯಂ ಸ್ವಾಲೋ ಎಂಬ ಪರೀಕ್ಷೆ ಮಾಡಿಸಿದೆವು. ಸುಣ್ಣದ ನೀರಿನಂಥ ದ್ರವವನ್ನು ಕುಡಿಸಿ, ಅದು ಇಳಿಯುವ ದಾರಿಯನ್ನು ಎಕ್ಸ್‌ರೇಯಲ್ಲಿ ನೋಡುವುದು. ಅನ್ನನಾಳದ ಹಿಂದೆ ನಿಂಬೆಹಣ್ಣಿನ ಗಾತ್ರದ ಬಿಳಿ ಚೀಲವೊಂದು ತೂಗುತ್ತಿತ್ತು. ದಶಮಿಯ ಮಧ್ಯಾಹ್ನ ಉಂಡ ಅನ್ನ ಏಕಾದಶಿಯ ಬೆಳಿಗ್ಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನನಗೆ ಉತ್ಸಾಹ ಉಕ್ಕಿತು. ಇನ್ನೊಬ್ಬರ ಮಾನ ಉಳಿಸುವ ಉತ್ಸಾಹಕ್ಕಿಂತ ನನ್ನ ಪಾಪ ತೊಳೆದುಕೊಳ್ಳುವ ಆತುರವೇ ಅದರಲ್ಲಿ ಹೆಚ್ಚಿತ್ತೇನೋ.

"ನಾಳೆನೇ ಅನಂತರಾಯರ ಮನೆಗೆ ಹೋಗಿ ಈ ಎಕ್ಸ್‌ರೇ ಮುಖಕ್ಕೆ ಹಿಡೀತೀನಿ. ನೀವು ಕದ್ದು ಉಂಡಿಲ್ಲ ಅಂತ ನಾನೇ ಹೇಳ್ತೀನಿ."

"ಬೇಡ" ಎಂದರು ಆಚಾರ್ಯರು.

ಯಾಕೆಂದು ತಿಳಿಯದೆ ನಾನು ಇಂದಿರಾಬಾಯಿಯ ಮುಖ ನೋಡಿದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಕದ್ದು ಉಂಡಿದ್ರೆ ಒಂದು ದಿನದ ತಪ್ಪು" ಎಂದರು ಆಚಾರ್ಯರು ನಿಧಾನವಾಗಿ. "ನೀವು ಹೇಳೋದು ನಿಜ ಆದ್ರೆ, ಎರಡು ವರ್ಷ ಎಂಜಲು ಇಟ್ಕೊಂಡು ಪೂಜೆ ಮಾಡಿದೀನಿ ಅಂತಾಯ್ತು. ಅವರೆಲ್ಲರ ಅರ್ಚನೆ, ಅಭಿಷೇಕ ಎಲ್ಲಾ. ಅದನ್ನ ಯಾವ ಬಾಯಲ್ಲಿ ಹೇಳ್ಲಿ?" ಆಮೇಲೆ ಎಕ್ಸ್‌ರೇಯತ್ತ ಕೈ ತೋರಿಸಿ ಕೇಳಿದರು. "ನೀವು ಕಲಿತವರು. ಒಂದು ಹೇಳಿ ತಾಯಿ. ನುಂಗಿ ಹೊಟ್ಟೆಗೆ ಹೋಗಿದ್ದು ಎಂಜಲಲ್ಲ, ಅದು ಎಲ್ಲರ ಹೊಟ್ಟೇಲೂ ಇರುತ್ತೆ. ಬಾಯಲ್ಲಿರೋದು ಎಂಜಲು. ಈ ಚೀಲ ಬಾಯಿ ಲೆಕ್ಕಕ್ಕೆ ಬರುತ್ತಾ, ಹೊಟ್ಟೆ ಲೆಕ್ಕಕ್ಕಾ?"

ಅಷ್ಟು ವರ್ಷದ ವೃತ್ತಿಯಲ್ಲಿ ಅಂಗರಚನೆಯ ಬಗ್ಗೆ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಹೊಟ್ಟೆ ಲೆಕ್ಕ ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು. ಆದರೆ ಆ ಚೀಲ ಅನ್ನನಾಳದ ಬಾಗಿಲಿಗಿಂತ ಮೇಲಿರುತ್ತದೆ. ಅದು ಗಂಟಲಿನದೇ ಭಾಗ.

"ಹೊಟ್ಟೆ ಲೆಕ್ಕಕ್ಕೆ ಬರಲ್ಲ" ಎಂದೆ. "ಆದ್ರೆ ಬಾಯೂ ಅಲ್ಲ, ಆಚಾರ್ರೇ. ನಾಲಿಗೆ ದಾಟಿದ ಮೇಲೆ ನುಂಗೋದು ಯಾರ ಕೈಲೂ ಇಲ್ಲ. ನಿಮ್ಮ ಕೈಲೂ ಇರಲಿಲ್ಲ."

ಅವರು ಸುಮ್ಮನೆ ತಲೆಯಾಡಿಸಿದರು. ಅದು ಒಪ್ಪಿಗೆಯೋ ಸಮಾಧಾನವೋ ತಿಳಿಯಲಿಲ್ಲ. ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡರು. ರೋಗಿಯ ಗುಟ್ಟು ಕಾಯುವುದು ವೈದ್ಯರ ಧರ್ಮ, ಅವರು ಕೇಳದಿದ್ದರೂ ಕಾಯಬೇಕಿತ್ತು. ಆದರೆ ಆ ಗುಟ್ಟನ್ನು ಹೊತ್ತು ಮನೆಗೆ ಹೋಗಿ ಅಮ್ಮನ ಎದುರು ಊಟಕ್ಕೆ ಕೂರುವುದು ಸುಲಭವಾಗಿರಲಿಲ್ಲ.

"ಹೊಸ ಅರ್ಚಕರ ಮಂತ್ರ ಎಷ್ಟು ಸ್ಪಷ್ಟ ಗೊತ್ತಾ" ಎಂದಳು ಅಮ್ಮ ಹುಳಿ ಬಡಿಸುತ್ತ. "ಪಾಪ, ಆ ಗುಂಡಾಚಾರ್ರು ಎಲ್ಲೂ ಮುಖ ತೋರಿಸ್ತಿಲ್ಲವಂತೆ."

"ಸಾಕು ಸುಮ್ಮನಿರಮ್ಮ" ಎಂದು ನಾನು ಗದರಿದೆ. ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಅವಳು ಕಂಡದ್ದನ್ನು ಕಂಡಂತೆ ಹೇಳಿದವಳು. ಕಾಣಬೇಕಾದದ್ದನ್ನು ಕಾಣದವಳು ನಾನು. ಸಿಟ್ಟು ಮಾತ್ರ ಅವಳ ಮೇಲೆ ತೀರಿಸಿಕೊಂಡೆ.

ಶಸ್ತ್ರಚಿಕಿತ್ಸೆಯನ್ನು ಬಾಯಿಯ ಮೂಲಕವೇ ಮಾಡಿದೆವು, ಕತ್ತಿನ ಮೇಲೆ ಗಾಯವಿಲ್ಲ. ಚೀಲಕ್ಕೂ ಅನ್ನನಾಳಕ್ಕೂ ನಡುವೆ ಒಂದು ಗೋಡೆ ಇರುತ್ತದೆ. ಬಿಗಿಯಾದ ಆ ಸ್ನಾಯು ಇರುವುದು ಆ ಗೋಡೆಯೊಳಗೇ. ಸ್ಟೇಪ್ಲರ್ ಎಂಬ ಉಪಕರಣ ಗೋಡೆಯನ್ನು ಕತ್ತರಿಸಿ, ಅಂಚುಗಳನ್ನು ಅಲ್ಲೇ ಹೊಲಿದುಬಿಡುತ್ತದೆ. ಗೋಡೆ ಹೋದರೆ ಚೀಲವೂ ದಾರಿಯೂ ಒಂದೇ ಆಗಿ, ಅನ್ನ ನಿಲ್ಲದೆ ಇಳಿಯುತ್ತದೆ. ಆಪರೇಷನ್ನಿಗೆ ಎರಡು ದಿನ ಮೊದಲಿನಿಂದ ಅವರಿಗೆ ನೀರು, ತಿಳಿ ಗಂಜಿ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಆದರೂ ದೀಪ ಒಳಗಿಳಿಸಿ ನೋಡಿದಾಗ ಚೀಲದ ತಳದಲ್ಲಿ ಅನ್ನದ ಅಗುಳುಗಳಿದ್ದವು, ಜೊತೆಗೊಂದು ಕರಿಬೇವಿನ ಚೂರು. ಟಿವಿ ಪರದೆಯ ಮೇಲೆ ಅವು ದೊಡ್ಡದಾಗಿ, ಬೆಳ್ಳಗೆ ಕಂಡವು. ಜೂನಿಯರ್ ಒಬ್ಬ "ವಾವ್ ಮೇಡಂ, ಕ್ಲಾಸಿಕ್ ಪಿಕ್ಚರ್" ಎಂದ. ನಾನು ಮಾತಾಡದೆ ಒಂದೊಂದನ್ನೇ ತೆಗೆದೆ.

ಅವರು ಚೇತರಿಸಿಕೊಂಡರು. ಮೆತ್ತನೆಯ ಅನ್ನ, ಆಮೇಲೆ ಚಪಾತಿ. ಮೈ ಸ್ವಲ್ಪ ತುಂಬಿತು, ಕಂಠ ಮರಳಿತು. ಅಷ್ಟರಲ್ಲಿ ಅನಂತರಾಯರಿಂದ ಕರೆ ಬಂತು. ಭಾನುವಾರ ಗುಡಿಯ ಹಾಲ್‌ನಲ್ಲಿ ಸಭೆ. ಆಚಾರ್ಯರನ್ನು ಮತ್ತೆ ಪೂಜೆಗೆ ಕರೆಯುವುದೆಂದು ತೀರ್ಮಾನವಾಗಿದೆ, ಬನ್ನಿ ಎಂದು. ನನಗೆ ಸಮಾಧಾನವಾಯಿತು. ಅಮ್ಮನನ್ನೂ ಕರೆದುಕೊಂಡು ಹೋದೆ.

ಅನಂತರಾಯರು ಕೆಟ್ಟವರಲ್ಲ. ಎದ್ದು ನಿಂತು ಹಿತವಾಗಿಯೇ ಮಾತಾಡಿದರು. "ಹಸಿವು ಯಾರನ್ನ ಬಿಟ್ಟಿದೆ? ವಯಸ್ಸಾದವರು, ಏನೋ ಒಂದು ದಿನ ಆಯ್ತು. ಸಮಿತಿ ಅದನ್ನ ಕ್ಷಮಿಸಿದೆ. ನಾಳೆಯಿಂದ ಆಚಾರ್ರು ಮೊದಲಿನ ಹಾಗೇ ಪೂಜೆ ಮುಂದುವರಿಸಲಿ."

ಕೆಲಸ ವಾಪಸ್ಸು ಬಂದಿತ್ತು, ಮನೆಯೂ ಉಳಿದಿತ್ತು. ಕೈಮುಗಿದು ಕೂತಿದ್ದರೆ ಆಗಿತ್ತು. ಆಚಾರ್ಯರು ಎದ್ದು ನಿಂತರು.

"ಕ್ಷಮೆ ಬೇಡ ಸ್ವಾಮಿ. ಏಕಾದಶಿ ದಿನ ನಾನು ಉಂಡಿಲ್ಲ, ಇವತ್ತಿನವರೆಗೂ ಯಾವ ಏಕಾದಶಿಗೂ ಉಂಡಿಲ್ಲ. ಅದನ್ನ ಒಪ್ಕೊಂಡು ಗರ್ಭಗುಡಿಗೆ ಹೋದ್ರೆ ದೇವರ ಮುಂದೆ ಸುಳ್ಳಾಡಿದ ಹಾಗೆ." ಒಮ್ಮೆ ಉಗುಳು ನುಂಗಿದರು. ಸದ್ದಿರಲಿಲ್ಲ. "ಆದ್ರೆ ಬಾಯಲ್ಲಿ ಅನ್ನ ಇದ್ದಿದ್ದು ನಿಜ. ಗಂಟಲಲ್ಲಿ ಒಂದು ರೋಗ ಇತ್ತು. ಉಂಡಿದ್ದು ಮಾರನೇ ದಿನ ಬಾಯಿಗೆ ಬರೋದು. ಎರಡು ವರ್ಷ ಹೀಗೇ ಪೂಜೆ ಮಾಡಿದೀನಿ. ರೋಗ ಅಂತ ಗೊತ್ತಿರಲಿಲ್ಲ, ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಡಾಕ್ಟ್ರಮ್ಮ ಈಗ ವಾಸಿ ಮಾಡಿದಾರೆ."

ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗು ಎಳೆದುಕೊಂಡು ಸ್ವಲ್ಪ ಹಿಂದೆ ಸರಿದರು. ಒಬ್ಬರು ಕೇಳಿಯೇಬಿಟ್ಟರು. "ಹಾಗಾದ್ರೆ ಹೋದ ವರ್ಷ ನಮ್ಮ ಹುಡುಗಿ ಮದುವೆಗೆ ಮುಂಚೆ ಮಾಡಿಸಿದ ಕಲ್ಯಾಣೋತ್ಸವ?" ನಾನು ಎದ್ದೆ. ಚೀಲ, ಸ್ನಾಯು, ಬಾಗಿಲು ಎಂದು ಗಾಳಿಯಲ್ಲಿ ಕೈಯಿಂದ ಚಿತ್ರ ಬರೆದು ವಿವರಿಸಿದೆ. ಅನಂತರಾಯರು ಪೂರ್ತಿ ಕೇಳಿಸಿಕೊಂಡರು. "ಕಾಯಿಲೆ ವಿಷಯ ಬೇರೆ, ಮಡಿ ವಿಷಯ ಬೇರೆ, ಡಾಕ್ಟ್ರೇ" ಎಂದರು. ಗುಡಿಗೆ ಶುದ್ಧಿ ಮಾಡಿಸುವುದೆಂದೂ ಬದಲಿ ಅರ್ಚಕರೇ ಮುಂದುವರಿಯಲೆಂದೂ ಗುಡಿಯ ಹಿಂದಿನ ಕೋಣೆಗಳು ಅವರಿಗೇ ಎಂದೂ ತೀರ್ಮಾನವಾಯಿತು. ಕದ್ದು ಉಂಡವರನ್ನು ಕ್ಷಮಿಸಲು ಬಂದಿದ್ದ ಸಭೆ, ಕಾಯಿಲೆ ಬಿದ್ದವರನ್ನು ಮನೆಯಿಂದ ಹೊರಗೆ ಕಳಿಸಿ ಎದ್ದಿತು. ಅಲ್ಲಿದ್ದವರೆಲ್ಲ ನನ್ನವರೇ. ಅವರ ಟಾನ್ಸಿಲ್, ಅವರ ಮಕ್ಕಳ ಕಿವಿ, ಎಲ್ಲಾ ನಾನೇ ನೋಡಿದ್ದು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುತ್ತ ಅಮ್ಮ ಕೇಳಿದಳು. "ನಿನಗೆ ಮೊದಲೇ ಗೊತ್ತಿತ್ತೇನೇ?" ಹೂಂ ಎಂದೆ. ಒಳಗೆ ಹೋಗಿ ಮಲಗಿಬಿಟ್ಟಳು.

ಆಚಾರ್ಯ ದಂಪತಿಗಳು ಊರಂಚಿನ ಸಿಂಗಾಪುರವೆಂಬ ಹಳ್ಳಿಯ ಕಡೆ ಸಣ್ಣದೊಂದು ಬಾಡಿಗೆ ಮನೆ ಹಿಡಿದರು. ಆಮೇಲೆ ಕೆಲವೇ ದಿನಕ್ಕೆ ನಮ್ಮಪ್ಪನ ಶ್ರಾದ್ಧ ಬಂತು. ಪ್ರತಿ ವರ್ಷ ನನ್ನ ತಮ್ಮ ಪ್ರಹ್ಲಾದ ಬಂದು ಮಾಡುತ್ತಾನೆ. ಶ್ರಾದ್ಧದಲ್ಲಿ ಬ್ರಾಹ್ಮಣಾರ್ಥವೆಂದು ಇಬ್ಬರನ್ನು ಊಟಕ್ಕೆ ಕೂರಿಸುತ್ತಾರೆ. ಅವರು ಉಂಡರೆ ಸತ್ತವರೇ ಉಂಡಂತೆ. ಆದ್ದರಿಂದ ಅಂಥವರ ಆಚಾರ, ಶುದ್ಧಿಯನ್ನು ಅಳೆದೂ ತೂಗಿ ಕರೆಯುತ್ತಾರೆ. ಈ ವರ್ಷ ಯಾರನ್ನು ಕರೆಯೋಣವೆಂದು ಪ್ರಹ್ಲಾದ ಕೇಳಿದಾಗ ಅಮ್ಮ ಸೀರೆ ಬದಲಿಸಿ "ನಡೀರಿ, ಕಾರು ತೆಗೀರಿ" ಎಂದಳು.

ಸಿಂಗಾಪುರದ ಆ ಮನೆಯ ಹೊಸ್ತಿಲಲ್ಲಿ ಆಚಾರ್ಯರು ಕೈಮುಗಿದು ಬೇಡವೆಂದರು. "ನನ್ನ ಗಂಟಲಿನ ವಿಷಯ ನಿಮಗೆ ಗೊತ್ತಲ್ಲಮ್ಮ."

"ಗೊತ್ತಿರೋದಕ್ಕೇ ಬಂದಿದೀನಿ" ಎಂದಳು ಅಮ್ಮ. "ನಮ್ಮನೆಯವರು ಊಟದ ವಿಷಯದಲ್ಲಿ ಸುಳ್ಳು ಹೇಳಿದವರಲ್ಲ. ಅವರ ಜಾಗದಲ್ಲಿ ಕೂರೋಕೆ ನಿಮ್ಮ ಬಿಟ್ಟು ಇನ್ಯಾರು ಸಿಗ್ತಾರೆ ನನಗೆ? ನಾನು ಆಡಿದ್ದನ್ನ ವಾಪಸ್ ನುಂಗೋಕಾಗಲ್ಲ. ನೀವು ಬಂದು ಉಣ್ಣಿ, ಅಷ್ಟೇ."

ವೃತ್ತಿ ನನಗೆ ಕಲಿಸಿದ್ದು ಒಂದೇ ಮಾತಿನಲ್ಲಿದೆ. ಕೇಳಬೇಕು. ಮುಖ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿದ ಕಡೆಯೇ ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕು. ರೋಗಿಗೆ ನಾಚಿಕೆಯಾದೀತೆಂದು ನಾವು ಬಿಡುವ ಪ್ರಶ್ನೆಯಿಂದ ಮಾನ ಉಳಿಯುವುದಿಲ್ಲ, ರೋಗ ಉಳಿಯುತ್ತದೆ. ಈಗ ನಾನು ನಿವೃತ್ತೆ. ಆದರೂ ಮದುವೆ ಮನೆಯಲ್ಲಿ ಯಾರಾದರೂ ಊಟದ ನಡುವೆ ಎದ್ದು ಹೋದರೆ ಹಿಂದೆಯೇ ಹೋಗಿ ವಿಚಾರಿಸುತ್ತೇನೆ. ಅಧಿಕಪ್ರಸಂಗಿ ಅನ್ನುತ್ತಾರೆ, ಅನ್ನಲಿ.

ಶ್ರಾದ್ಧದ ದಿನ ಆಚಾರ್ಯರು ಬಾಳೆಲೆಯ ಮುಂದೆ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅನ್ನ, ತೊವ್ವೆ, ವಡೆ, ಪಾಯಸ, ಎಲ್ಲವನ್ನೂ ನಿಧಾನವಾಗಿ ಉಂಡರು. ಪ್ರತಿ ತುತ್ತಿಗೂ ಅವರ ಗಂಟಲಮಣಿ ಮೇಲೆದ್ದು ಕೆಳಗಿಳಿಯುತ್ತಿತ್ತು. ನಾನು ಕಿವಿಗೊಟ್ಟು ಕೇಳಿದೆ, ಗುಳಗುಳ ಇಲ್ಲ. ಕೊನೆಗೆ ಪ್ರಹ್ಲಾದ ವಿಧಿಯಂತೆ ತೃಪ್ತಿಯಾಯಿತೇ ಎಂದು ಕೇಳಿದ. ಆಚಾರ್ಯರು ತೃಪ್ತಿಯಾಯಿತೆಂದು ಮಂತ್ರದಲ್ಲಿ ಉತ್ತರಿಸಿದರು, ರಸ್ತೆ ತುದಿಯವರೆಗೂ ಕೇಳಿಸುವ ಆ ಹಳೆಯ ಕಂಠದಲ್ಲಿ. ಅಮ್ಮ ಕಂಬಕ್ಕೊರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಅವರು ಕೈತೊಳೆಯಲು ಹಿತ್ತಿಲಿಗೆ ಹೋದಾಗ ನಾನೇ ಚೊಂಬು ಹಿಡಿದು ನೀರು ಹಾಕಿದೆ. ಒಮ್ಮೆ ಬಾಯಿ ಮುಕ್ಕಳಿಸಿ ಶಲ್ಯದಿಂದ ಒರೆಸಿಕೊಂಡರು. ನಾನು ರೂಢಿಯಂತೆ ಮತ್ತೆ ಚೊಂಬು ಬಗ್ಗಿಸಿದೆ.

"ಸಾಕು ತಾಯಿ" ಎಂದರು ಆಚಾರ್ಯರು. "ಈಗ ಒಂದು ಸಲ ಸಾಕು."